ಮೈ ಸಡಿಲವಾದರೆ ನಿದ್ದೆ ದೂರವಿಲ್ಲ

1952ರಲ್ಲಿ ವಿಖ್ಯಾತ ಪಿಟೀಲು ವಾದಕ ಯೆಹೂದಿ ಮೆನುಹಿನ್ ಭಾರತ ಪ್ರವಾಸದಲ್ಲಿದ್ದಾಗ ಮುಂಬಯಿಯಲ್ಲಿ ಅವರನ್ನು ಕಾಣಲು ಒಬ್ಬ ಯೋಗ ಶಿಕ್ಷಕರು ಬಂದರು. ಮೆನುಹಿನ್ ಆಗ ಬಹಳ ದಣಿದಿದ್ದರು. ಬಾಲ್ಯದಿಂದಲೂ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ, ಭುಜ ಎತ್ತಿ ಹಿಡಿದು ನುಡಿಸಿದ ಮೈ ಅದು. ಐದು ನಿಮಿಷಕ್ಕಿಂತ ಹೆಚ್ಚು ಬಿಡುವಿಲ್ಲ ಎಂದು ಅವರು ಮೊದಲೇ ತಿಳಿಸಿಬಿಟ್ಟರು. ಬಂದವರು ವಾದಕ್ಕೆ ಇಳಿಯಲಿಲ್ಲ. ಅಂಗಾತ ಮಲಗಲು ಹೇಳಿ ಶವಾಸನ ಮಾಡಿಸಿದರು. ಮೆನುಹಿನ್ ಅಲ್ಲೇ ನಿದ್ದೆ ಹೋದರು. ಎಚ್ಚರವಾದಾಗ ಒಂದು ಗಂಟೆ ಕಳೆದಿತ್ತು. ಐದು ನಿಮಿಷದ ಭೇಟಿ ಆಮೇಲೆ ಇನ್ನೂ ಎರಡು ಗಂಟೆ ಬೆಳೆಯಿತು. ಸ್ನೇಹ ಜೀವನಪರ್ಯಂತ ಉಳಿಯಿತು.

ಆ ಶಿಕ್ಷಕರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ತಮ್ಮ ಭಾವ ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತು, ಪುಣೆಯಲ್ಲಿ ನೆಲೆಸಿದ್ದ ಬಿ.ಕೆ.ಎಸ್. ಅಯ್ಯಂಗಾರ್. 1954ರಲ್ಲಿ ಮೆನುಹಿನ್ ಅವರನ್ನು ಸ್ವಿಟ್ಜರ್‌ಲೆಂಡಿಗೆ ಕರೆಸಿಕೊಂಡರು. ಅಯ್ಯಂಗಾರರ ಯೋಗ ಜಗತ್ತಿಗೆ ಪರಿಚಯವಾದ ಕಥೆ ಅಲ್ಲಿಂದ ಶುರುವಾಗುತ್ತದೆ. ಅದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಅದರ ಮೊದಲ ಒಂದು ಗಂಟೆಯಲ್ಲಿ ನಡೆದದ್ದು ಯೋಗ ಪ್ರದರ್ಶನವೂ ಅಲ್ಲ, ಉಪದೇಶವೂ ಅಲ್ಲ. ದಣಿದ ಒಬ್ಬ ಮನುಷ್ಯನಿಗೆ ಬಂದ ನಿದ್ದೆ. ಮಾತ್ರೆ ಇಲ್ಲ, ಜೋಗುಳ ಇಲ್ಲ. ಮೈಯನ್ನು ಒಂದು ರೀತಿಯಲ್ಲಿ ಇರಿಸಿದ್ದು, ಬಿಗಿದದ್ದನ್ನು ಸಡಿಲ ಬಿಡಿಸಿದ್ದು, ಅಷ್ಟೆ.

ನಿದ್ದೆ ಬಾರದಿದ್ದರೆ ನಾವು ಮೊದಲು ದೂರುವುದು ಮನಸ್ಸನ್ನು. ‘ಏನು ಯೋಚನೆ ಹಚ್ಚಿಕೊಂಡಿದ್ದೀ?’ ಎಂದು ಮನೆಯ ಹಿರಿಯರು ಕೇಳುತ್ತಾರೆ. ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯೇ ಇದೆ. ಗಾದೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಮಂಡಿ ನೋಯುವ ಅಜ್ಜಿಗೆ, ದಿನವಿಡೀ ಕತ್ತು ಬಗ್ಗಿಸಿ ಬೀಡಿ ಸುತ್ತುವ ಹೆಂಗಸಿಗೆ, ಹೊಲಿಗೆ ಯಂತ್ರದ ಮುಂದೆ ಕೂತೆದ್ದ ಗಾರ್ಮೆಂಟ್ಸ್ ಕಾರ್ಮಿಕಳಿಗೆ ಸಂತೆಯಿರಲಿ, ಸ್ವಂತ ಮನೆಯ ಹಾಸಿಗೆಯಲ್ಲೂ ಚಿಂತೆಯಿಲ್ಲದೆಯೇ ನಿದ್ದೆ ಬಾರದಿರಬಹುದು. ಅವರ ನಿದ್ದೆಯನ್ನು ಕದ್ದಿರುವುದು ಸೊಂಟ, ಕತ್ತು, ಮೀನಖಂಡ. ಇಂಥ ನಿದ್ರಾಹೀನತೆಗೆ ಮೈಯ ಕಡೆಯಿಂದಲೇ ಉಪಚಾರ ಮಾಡುವ ವಿದ್ಯೆ ಒಂದಿದೆ. ಅದರ ಇಂದಿನ ಹೆಸರು ಫಿಸಿಯೋಥೆರಪಿ. ಹೆಸರು ಹೊಸದು, ವಿಷಯ ಅಷ್ಟು ಹೊಸದಲ್ಲ.

ಅರಸರ ಪಾದ, ಬಾಣಂತಿಯ ಬೆನ್ನು

ಚರಕ ಸಂಹಿತೆ ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹಕ್ಕೆ ಆಧಾರವಾದ ಮೂರು ಊರೆಗೋಲುಗಳೆಂದು ಕರೆಯುತ್ತದೆ. ಅದರ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ, ನಿದ್ದೆ ಕೆಟ್ಟವರಿಗೆ ಅದನ್ನು ಮರಳಿ ತರುವ ಉಪಾಯಗಳ ಪಟ್ಟಿಯಿದೆ. ಹಾಲು, ತುಪ್ಪ, ಅಕ್ಕಿ ಅನ್ನ ಮುಂತಾದ ಆಹಾರದ ಮಾತು ಅಲ್ಲಿ ಬರುತ್ತದೆ. ಮನಸ್ಸಿಗೆ ಹಿತವಾದ ಗಂಧ, ಶಬ್ದಗಳ ಮಾತೂ ಬರುತ್ತದೆ. ಆದರೆ ಪಟ್ಟಿ ಆರಂಭವಾಗುವುದು ಅಭ್ಯಂಗದಿಂದ, ಅಂದರೆ ಎಣ್ಣೆ ಹಚ್ಚಿ ತಿಕ್ಕುವುದರಿಂದ. ಸ್ನಾನವೂ ಅದರಲ್ಲಿದೆ, ‘ಸಂವಾಹನ’ವೂ ಇದೆ. ಸಂವಾಹನ ಎಂದರೆ ಮೈಕೈ ಹದವಾಗಿ ಒತ್ತುವುದು. ನಮ್ಮ ಮನೆಗಳಲ್ಲಿ ‘ಸ್ವಲ್ಪ ಕಾಲು ಒತ್ತು ಮಗಾ’ ಎಂದು ಅಜ್ಜ ಕರೆಯುವುದಕ್ಕೆ ಸಂಸ್ಕೃತದಲ್ಲಿ ಇಷ್ಟು ದೊಡ್ಡ ಹೆಸರು.

ಕನ್ನಡ ನಾಡಿನ ಸಾಕ್ಷ್ಯ ಬೇಕೆನ್ನುವವರು ಕಲ್ಯಾಣದ ಚಾಲುಕ್ಯರ ಆಸ್ಥಾನಕ್ಕೆ ಹೋಗಬೇಕು. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶ ರಚಿಸಿದ. ಅರಸನ ಅಡುಗೆಮನೆಯ ಬಗೆಗೆ ಬರೆಯುವವರೆಲ್ಲ ಇದನ್ನು ಉಲ್ಲೇಖಿಸುತ್ತಾರೆ. ಆದರೆ ಅದೇ ಗ್ರಂಥದಲ್ಲಿ ಅರಸನ ಭೋಗಗಳನ್ನು ಒಂದೊಂದಾಗಿ ವಿವರಿಸುವಾಗ ಸ್ನಾನಕ್ಕೊಂದು, ಪಾದಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವ ಪಾದಾಭ್ಯಂಗಕ್ಕೊಂದು, ಹಾಸಿಗೆಗೊಂದು ಎಂದು ಪ್ರತ್ಯೇಕ ಭಾಗಗಳಿವೆ ಎಂಬುದನ್ನು ಗಮನಿಸಿದವರು ಕಡಿಮೆ. ಪಾದ ಒತ್ತಿಸಿಕೊಳ್ಳುವುದು ರಾಜವೈಭವದ ಒಂದು ಅಂಗ ಎನ್ನುವಷ್ಟು ಅದಕ್ಕೆ ಮರ್ಯಾದೆ ಇತ್ತು.

ಅರಮನೆಯಲ್ಲಿ ಭೋಗವಾಗಿದ್ದದ್ದು ಸಾಮಾನ್ಯರ ಮನೆಯಲ್ಲಿ ಬಾಣಂತನವಾಗಿ, ಹಬ್ಬದ ಎಣ್ಣೆನೀರಾಗಿ ಉಳಿಯಿತು. ನರಕ ಚತುರ್ದಶಿಯ ಬೆಳಗ್ಗೆ ತಲೆಯಿಂದ ಪಾದದವರೆಗೆ ಎಣ್ಣೆ ಹಚ್ಚಿಸಿಕೊಂಡು, ಹಂಡೆಯ ಬಿಸಿನೀರು ಹೊಯ್ಯಿಸಿಕೊಂಡು, ಕಜ್ಜಾಯ ತಿಂದು, ಮಧ್ಯಾಹ್ನ ಸತ್ತಂತೆ ಮಲಗಿದ್ದು ಯಾರಿಗೆ ನೆನಪಿಲ್ಲ? ಆ ನಿದ್ದೆಯಲ್ಲಿ ಕಜ್ಜಾಯದ ಪಾಲೆಷ್ಟು, ಎಣ್ಣೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಎಳೆಗೂಸಿನ ವಿಷಯದಲ್ಲಿ ಮಾತ್ರ ಯಾರೋ ಬಿಡಿಸಿ ನೋಡಿದ್ದಾರೆ. ಸಂಶೋಧಕರ ಒಂದು ತಂಡ 125 ಕೂಸುಗಳನ್ನು ಗುಂಪುಗಳಾಗಿ ವಿಂಗಡಿಸಿ, ಬೇರೆ ಬೇರೆ ಎಣ್ಣೆಗಳಲ್ಲಿ ನಾಲ್ಕು ವಾರ ಮೈ ತಿಕ್ಕಿಸಿ, ಒಂದು ಗುಂಪಿಗೆ ಏನೂ ತಿಕ್ಕದೆ, ತೂಕ, ರಕ್ತಸಂಚಾರ, ನಿದ್ದೆ ಎಲ್ಲವನ್ನೂ ಅಳೆಯಿತು. 2000ದಲ್ಲಿ ಪ್ರಕಟವಾದ ಅದರ ವರದಿಯಂತೆ ಎಣ್ಣೆ ತಿಕ್ಕಿಸಿಕೊಂಡ ಕೂಸುಗಳು ಆಮೇಲೆ ಹೆಚ್ಚು ಹೊತ್ತು ಮಲಗಿದವು. ಎಳ್ಳೆಣ್ಣೆ ಹಚ್ಚಿದವುಗಳಲ್ಲಿ ಈ ವ್ಯತ್ಯಾಸ ಎಲ್ಲಕ್ಕಿಂತ ಹೆಚ್ಚಾಗಿತ್ತು. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಹೊಯ್ಯುವ ನಮ್ಮ ಅಜ್ಜಿಯರಿಗೆ ಈ ವರದಿ ಓದಿ ಹೇಳಿದರೆ ಅವರು ನಕ್ಕಾರು.

ಆದರೆ ಈ ಇಡೀ ಪರಂಪರೆಯಲ್ಲಿ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಅರಸನ ಪಾದ ಒತ್ತಿದವನ ಪಾದವನ್ನು ಯಾರು ಒತ್ತುತ್ತಿದ್ದರು? ಅತ್ತೆಯ ಕಾಲು ಒತ್ತಿ, ಪಾತ್ರೆ ತೊಳೆದು, ಕೊನೆಗೆ ಮಲಗುವ ಸೊಸೆಗೆ ಸಂವಾಹನ ಮಾಡುವವರು ಯಾರು? ಒತ್ತಿಸಿಕೊಂಡು ನಿದ್ದೆ ಹೋಗುವುದು ಒತ್ತುವವರನ್ನು ಪಡೆದವರ ಭಾಗ್ಯವಾಗಿತ್ತು. ಈ ಪ್ರಶ್ನೆಗೆ ಉತ್ತರದಂಥದ್ದು ಸಿಕ್ಕಿದ್ದು ಬಹಳ ತಡವಾಗಿ, ಬಹಳ ದೂರದಲ್ಲಿ.

ಹಾಸಿಗೆಗೆ ಕಟ್ಟಿಹಾಕಿದ ಚಿಕಿತ್ಸೆ

ಯುರೋಪಿನಲ್ಲಿ ಅಂಗಸಾಧನೆಯನ್ನು ವೈದ್ಯದ ಭಾಗವಾಗಿ ಕಲಿಸತೊಡಗಿದವರಲ್ಲಿ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಪ್ರಮುಖರು. 1813ರಲ್ಲಿ ಅವರು ಸ್ಟಾಕ್‌ಹೋಮಿನಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ತೆರೆದರು. ನಿದ್ದೆಗೂ ಅಂಗಮರ್ದನಕ್ಕೂ ದೊಡ್ಡ ನಂಟು ಬೆಳೆದದ್ದು ಮಾತ್ರ ಅಮೆರಿಕದಲ್ಲಿ, ಸ್ವಲ್ಪ ವಿಚಿತ್ರವಾದ ಹಾದಿಯಲ್ಲಿ. ಫಿಲಡೆಲ್ಫಿಯಾದ ನರರೋಗ ತಜ್ಞ ಸೈಲಾಸ್ ವಿಯರ್ ಮಿಚೆಲ್ ಅಂತರ್ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟು ಹೆಸರಾದವರು. 1870ರ ದಶಕದಲ್ಲಿ ಅವರು ನಿತ್ರಾಣಗೊಂಡ, ನಿದ್ದೆಗೆಟ್ಟ ರೋಗಿಗಳಿಗೆ, ಮುಖ್ಯವಾಗಿ ಹೆಂಗಸರಿಗೆ ‘ವಿಶ್ರಾಂತಿ ಚಿಕಿತ್ಸೆ’ ಆರಂಭಿಸಿದರು. ಆರರಿಂದ ಎಂಟು ವಾರ ಹಾಸಿಗೆ ಬಿಟ್ಟು ಏಳುವಂತಿಲ್ಲ. ಓದುವಂತಿಲ್ಲ, ಬರೆಯುವಂತಿಲ್ಲ, ಹೊಲಿಯುವಂತೆಯೂ ಇಲ್ಲ. ಹೊಟ್ಟೆ ತುಂಬ ಹಾಲು, ಊಟ. ಸದಾ ಮಲಗಿಯೇ ಇದ್ದರೆ ಸ್ನಾಯುಗಳು ಸೊರಗುತ್ತವಲ್ಲ, ಅದಕ್ಕಾಗಿ ದಿನವೂ ಮೈ ತಿಕ್ಕುವುದು, ವಿದ್ಯುತ್ ಪ್ರಚೋದನೆ ಕೊಡುವುದು.

ಕೆಲವರು ಚೇತರಿಸಿಕೊಂಡದ್ದೂ ಉಂಟು. ಆದರೆ 1887ರಲ್ಲಿ ಈ ಚಿಕಿತ್ಸೆಗೆ ಒಳಗಾದ ಲೇಖಕಿ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಹುಚ್ಚಿನ ಅಂಚಿಗೆ ಹೋಗಿ ಬಂದರು. ಅವರ ‘ದಿ ಯೆಲ್ಲೋ ವಾಲ್‌ಪೇಪರ್’ ಕಥೆ 1892ರಲ್ಲಿ ಪ್ರಕಟವಾಯಿತು. ಕೋಣೆಯೊಂದರಲ್ಲಿ ಸುಮ್ಮನೆ ಇರಿಸಲಾದ ಹೆಂಗಸಿನ ಮನಸ್ಸು ಗೋಡೆಯ ಕಾಗದದ ಚಿತ್ತಾರದೊಳಗೆ ಕಳೆದುಹೋಗುವ ಆ ಕಥೆ ಇವತ್ತಿಗೂ ಕಾಲೇಜುಗಳಲ್ಲಿ ಪಾಠವಾಗಿದೆ. ಮಿಚೆಲ್ ಅವರಿಗೆ ಒಂದು ವಿಷಯ ಹೊಳೆದಿರಲಿಲ್ಲ ಎಂದು ಕಾಣುತ್ತದೆ. ಮೈ ಕದಲದಂತೆ ಇಡುವುದು ಬೇರೆ, ಮೈ ಸಡಿಲವಾಗುವುದು ಬೇರೆ. ಹಗಲು ದುಡಿಯದ ಮೈಗೆ ರಾತ್ರಿ ನಿದ್ದೆಯ ಹಸಿವೂ ಇರುವುದಿಲ್ಲ.

ಬ್ರಿಟನ್ನಿನಲ್ಲಿ ಅಂಗಮರ್ದನದ ಹೆಸರಿನಲ್ಲಿ ಅನೈತಿಕ ದಂಧೆ ನಡೆಯುತ್ತಿದೆ ಎಂದು ವೈದ್ಯಕೀಯ ಪತ್ರಿಕೆಯೇ ಬರೆದು ಗದ್ದಲವಾದಾಗ, 1894ರಲ್ಲಿ ನಾಲ್ವರು ಮಹಿಳೆಯರು ಸೇರಿ ತರಬೇತಿ ಪಡೆದ ಮರ್ದಕಿಯರ ಸಂಘ ಕಟ್ಟಿದರು. ಅದೇ ಮುಂದೆ 1944ರಲ್ಲಿ ಫಿಸಿಯೋಥೆರಪಿ ಎಂಬ ಹೆಸರು ಪಡೆದ ಸಂಸ್ಥೆಯಾಯಿತು. ಎರಡು ಮಹಾಯುದ್ಧಗಳು, ಪೋಲಿಯೊ ಈ ವೃತ್ತಿಯನ್ನು ಬೆಳೆಸಿದವು. ನಮ್ಮ ದೇಶದಲ್ಲಿ 1953ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ಆರಂಭವಾಯಿತು. ಕಾಲು ಮುರಿದವರು, ಪಾರ್ಶ್ವವಾಯು ಬಡಿದವರು ಹೋಗುವ ಜಾಗ ಎಂದೇ ಬಹುಕಾಲ ಜನ ಇದನ್ನು ತಿಳಿದದ್ದು. ನಿದ್ದೆಯ ವಿಷಯ ಅಲ್ಲಿ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ.

ಬಿಗಿದರೆ ತಾನೇ ಸಡಿಲ ಗೊತ್ತಾಗುವುದು

ಒತ್ತುವವರಿಲ್ಲದೆಯೂ ಮೈ ಸಡಿಲಿಸುವ ವಿದ್ಯೆಯನ್ನು ಪ್ರಯೋಗಶಾಲೆಯಲ್ಲಿ ಶೋಧಿಸಿದವರು ಅಮೆರಿಕದ ಎಡ್ಮಂಡ್ ಜೇಕಬ್‌ಸನ್. 1888ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಅವರು ಅಲ್ಲಿನ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಭಾಗದಲ್ಲಿ ಕೆಲಸ ಮಾಡಿದರು. ಜಗತ್ತಿನ ಮೊದಲ ನಿದ್ರಾ ಸಂಶೋಧಕರಲ್ಲಿ ಒಬ್ಬರಾದ ನಥಾನಿಯಲ್ ಕ್ಲೈಟ್‌ಮನ್ ಇದ್ದದ್ದೂ ಅದೇ ವಿಭಾಗದಲ್ಲಿ. ಒಬ್ಬರು ನಿದ್ದೆಯನ್ನು ಅಳೆಯುತ್ತಿದ್ದರು, ಇನ್ನೊಬ್ಬರು ನಿದ್ದೆಗೆ ಅಡ್ಡ ಬರುವ ಬಿಗಿತವನ್ನು ಅಳೆಯುತ್ತಿದ್ದರು.

ಜೇಕಬ್‌ಸನ್ ಕಂಡದ್ದು ಸ್ವಾರಸ್ಯಕರ. ಸುಮ್ಮನೆ ಮಲಗಿದ ಮನುಷ್ಯನ ಸ್ನಾಯುಗಳು ಸುಮ್ಮನಿರುವುದಿಲ್ಲ. ಕೈ ಮಡಿಸಿದಂತೆ ಕಲ್ಪಿಸಿಕೊಂಡರೂ ಸಾಕು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಆ ತೋಳಿನ ಸ್ನಾಯುವಿನಲ್ಲಿ ವಿದ್ಯುತ್ ಸಂಚಲನ ಉಂಟಾಗುತ್ತದೆ. ಅದನ್ನು ಹಿಡಿಯಲು ವೋಲ್ಟಿನ ಹತ್ತು ಲಕ್ಷದ ಒಂದಂಶವನ್ನು ಗುರುತಿಸಬಲ್ಲ ಯಂತ್ರ ಬೇಕಾಯಿತು. ಚಿತ್ರವೊಂದನ್ನು ನೆನೆದರೆ ಕಣ್ಣಿನ ಸ್ನಾಯು ಮಿಡಿಯುತ್ತದೆ. ಅಂದಮೇಲೆ, ಮಲಗಿಕೊಂಡು ನಾಳಿನ ಜಗಳಕ್ಕೆ ಮಾತು ಹೊಂದಿಸುತ್ತಿರುವವನ ದವಡೆ, ನಾಲಿಗೆ, ಭುಜ ಎಲ್ಲವೂ ಕತ್ತಲೆಯಲ್ಲೇ ಜಗಳವಾಡುತ್ತಿರುತ್ತವೆ.

ಇದಕ್ಕೂ ನಿದ್ದೆಗೂ ಇರುವ ಸಂಬಂಧ ಆಮೇಲೆ ಇನ್ನಷ್ಟು ತಿಳಿಯಾಯಿತು. 1949ರಲ್ಲಿ ಮೊರುಟ್ಸಿ ಮತ್ತು ಮಾಗೂನ್ ಎಂಬ ವಿಜ್ಞಾನಿಗಳು ಮಿದುಳಿನ ಬುಡದಲ್ಲಿ ಜಾಲದಂತೆ ಹರಡಿರುವ ನರಕೋಶಗಳು ಎಚ್ಚರವನ್ನು ಕಾಯುತ್ತವೆ ಎಂದು ತೋರಿಸಿದರು. ಚರ್ಮ, ಕೀಲು, ಸ್ನಾಯುಗಳಿಂದ ಹೊರಟ ಸುದ್ದಿ ಈ ಜಾಲವನ್ನೂ ಮುಟ್ಟುತ್ತದೆ. ಬಾಗಿಲು ತಟ್ಟುವವರು ಹೆಚ್ಚಿದಷ್ಟೂ ಕಾವಲುಗಾರ ಎಚ್ಚರವಾಗಿರುತ್ತಾನೆ. ತಟ್ಟುವುದು ಕಡಿಮೆಯಾದರೆ ಅವನೂ ತೂಕಡಿಸುತ್ತಾನೆ.

ಜೇಕಬ್‌ಸನ್ ತಮ್ಮ ವಿಧಾನವನ್ನು 1929ರಲ್ಲಿ ವಿದ್ವಾಂಸರಿಗಾಗಿ, 1934ರಲ್ಲಿ ಸಾಮಾನ್ಯರಿಗಾಗಿ ಪುಸ್ತಕ ಮಾಡಿದರು; 1938ರಲ್ಲಿ ನಿದ್ದೆಗಾಗಿಯೇ ಇನ್ನೊಂದು ಬರೆದರು. ವಿಧಾನ ಕೇಳಿದರೆ ‘ಇಷ್ಟೇನಾ’ ಅನ್ನಿಸುತ್ತದೆ. ಅಂಗಾತ ಮಲಗಿ ಒಂದು ಕೈಯ ಮುಷ್ಟಿ ಕಟ್ಟಿ ಐದಾರು ಸೆಕೆಂಡು ಬಿಗಿ ಹಿಡಿಯುವುದು. ಬಿಗಿತ ಎಲ್ಲಿದೆ ಎಂದು ಗಮನಿಸುವುದು. ಆಮೇಲೆ ತಟ್ಟನೆ ಬಿಟ್ಟು, ಇಪ್ಪತ್ತು ಮೂವತ್ತು ಸೆಕೆಂಡು ಆ ಸಡಿಲವನ್ನು ಅನುಭವಿಸುವುದು. ಅಲ್ಲಿಂದ ತೋಳು, ಹಣೆ, ದವಡೆ, ಭುಜ, ಹೊಟ್ಟೆ, ತೊಡೆ, ಮೀನಖಂಡ, ಪಾದ. ಬಿಗಿಯದೆ ನೇರವಾಗಿ ‘ಸಡಿಲ ಬಿಡು’ ಎಂದರೆ ಬಹುತೇಕರಿಗೆ ಏನನ್ನು ಬಿಡಬೇಕೆಂದೇ ತಿಳಿಯುವುದಿಲ್ಲ. ಬಿಗಿದು ಬಿಟ್ಟಾಗ ತಿಳಿಯುತ್ತದೆ. ಜೇಕಬ್‌ಸನ್ ಒಂದೊಂದು ಸ್ನಾಯುವಿಗೂ ದಿನಗಟ್ಟಲೆ ಸಮಯ ತೆಗೆದುಕೊಳ್ಳುತ್ತಿದ್ದರು. 1950ರ ದಶಕದಲ್ಲಿ ಜೋಸೆಫ್ ವೋಲ್ಪೆ ಅದನ್ನು ಮೊಟಕುಗೊಳಿಸಿದರು. ಇಂದು ಫಿಸಿಯೋಥೆರಪಿ ವಿಭಾಗಗಳಲ್ಲಿ ಕಲಿಸುವುದು ಈ ಮೊಟಕಾದ ಕ್ರಮವನ್ನೇ.

ಶವಾಸನ ಇದಕ್ಕೆ ಹತ್ತಿರದ ನೆಂಟ. ಹಠಯೋಗ ಪ್ರದೀಪಿಕೆ ಅದು ದಣಿವನ್ನು ಕಳೆದು ಚಿತ್ತಕ್ಕೆ ವಿಶ್ರಾಂತಿ ಕೊಡುತ್ತದೆ ಎನ್ನುತ್ತದೆ. ಯೋಗದವರು ‘ಶವಾಸನದಲ್ಲಿ ನಿದ್ದೆ ಹೋಗಬಾರದು’ ಎಂದು ಗದರುವುದುಂಟು. ರಾತ್ರಿ ಹತ್ತು ಗಂಟೆಗೆ ಹಾಸಿಗೆಯ ಮೇಲೆ ಮಾಡುವವರು ಆ ಗದರಿಕೆಗೆ ಹೆದರಬೇಕಿಲ್ಲ.

ನೋವು ಮತ್ತು ನಿದ್ದೆಯ ಗಾಣ

ನೋವಿದ್ದರೆ ನಿದ್ದೆ ಬಾರದು, ಇದು ಯಾರಿಗೂ ಹೇಳಬೇಕಾಗಿಲ್ಲ. ನಿದ್ದೆ ಕೆಟ್ಟರೆ ನೋವು ಹುಟ್ಟುತ್ತದೆ ಎಂಬುದು ಮಾತ್ರ ಹೊಸ ತಿಳಿವಳಿಕೆ. ಕೆನಡಾದ ಟೊರಾಂಟೊದಲ್ಲಿ ಹಾರ್ವಿ ಮೊಲ್ಡೊಫ್‌ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತ ಯುವಕರ ಒಂದು ಸಣ್ಣ ಗುಂಪನ್ನು ಮಲಗಿಸಿ, ಗಾಢನಿದ್ದೆ ಬಂದಾಗಲೆಲ್ಲ ಸದ್ದು ಮಾಡಿ ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ, ಯಾವ ಗಾಯವೂ ಇಲ್ಲದೆ, ಅವರ ಸ್ನಾಯುಗಳು ಮುಟ್ಟಿದರೆ ನೋಯತೊಡಗಿದವು. 1975ರಲ್ಲಿ ಪ್ರಕಟವಾದ ಈ ಪ್ರಯೋಗದ ನಂತರ ನೋವು ಮತ್ತು ನಿದ್ದೆ ಗಾಣದೆತ್ತಿನಂತೆ ಒಂದೇ ವೃತ್ತದಲ್ಲಿ ತಿರುಗುತ್ತವೆ ಎಂಬುದು ಸ್ಪಷ್ಟವಾಯಿತು. ಸೊಂಟ ನೋವಿನಿಂದ ನಿದ್ದೆ ಇಲ್ಲ, ನಿದ್ದೆ ಇಲ್ಲದ್ದರಿಂದ ಸೊಂಟ ಇನ್ನಷ್ಟು ನೋವು.

ಫಿಸಿಯೋಥೆರಪಿ ಈ ವೃತ್ತವನ್ನು ಕತ್ತರಿಸುವುದು ನೋವಿನ ತುದಿಯಲ್ಲಿ. ಬಿಗಿದ ಸ್ನಾಯುವನ್ನು ಹಿಗ್ಗಿಸುವುದು, ಸೊರಗಿದ್ದನ್ನು ಬಲಪಡಿಸುವುದು, ಶಾಖ ಕೊಡುವುದು, ಕೂರುವ ನಿಲ್ಲುವ ಭಂಗಿ ತಿದ್ದುವುದು. ಇದರ ಜೊತೆಗೆ ಮಲಗುವ ಭಂಗಿಯನ್ನೂ ತಿದ್ದಬೇಕು ಎಂಬುದು ಹಲವರಿಗೆ ತಿಳಿದಿಲ್ಲ. ಹಗಲು ಅರ್ಧ ಗಂಟೆ ವ್ಯಾಯಾಮ ಮಾಡಿ, ರಾತ್ರಿ ಏಳು ಗಂಟೆ ಕತ್ತು ತಿರುಚಿ ಮಲಗಿದರೆ ಫಲವೇನು?

ಬೋರಲು ಮಲಗುವವರ ಕತ್ತು ಇಡೀ ರಾತ್ರಿ ಒಂದು ಕಡೆ ತಿರುಗಿಯೇ ಇರುತ್ತದೆ. ಮಗ್ಗುಲಾಗಿ ಮಲಗುವವರು ಎರಡು ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ಸೊಂಟ ತಿರುಚುವುದು ತಪ್ಪುತ್ತದೆ. ಅಂಗಾತ ಮಲಗುವವರಿಗೆ ಮಂಡಿಯ ಕೆಳಗೆ ಒಂದು ದಿಂಬು ಸಾಕು, ಬೆನ್ನಿನ ಎಳೆತ ಇಳಿಯುತ್ತದೆ. ತಲೆದಿಂಬಿನ ಎತ್ತರ ಮಗ್ಗುಲಾದಾಗ ಕಿವಿಗೂ ಭುಜದ ತುದಿಗೂ ಇರುವ ಅಂತರವನ್ನು ತುಂಬುವಷ್ಟಿರಬೇಕು. ಬೂರುಗದ ಹತ್ತಿಯ ಹಳೆಯ ದಿಂಬು ಗಂಟುಗಟ್ಟಿ ಕಲ್ಲಾಗಿದ್ದರೆ ಬಿಚ್ಚಿ ಹಿಂಜಿಸಿ ಹೊಸದಾಗಿ ತುಂಬಿಸುವುದು ಮದ್ದಿಗಿಂತ ಅಗ್ಗ. ಕೌದಿ ಮಡಿಸಿ ಮಂಡಿಯ ಕೆಳಗಿಟ್ಟರೂ ನಡೆಯುತ್ತದೆ.

ಬೆನ್ನುನೋವಿನವರಿಗೆ ‘ಹಲಗೆಯ ಮೇಲೆ ಮಲಗಿ’ ಎಂದು ಹೇಳುವುದು ನಮ್ಮಲ್ಲಿ ರೂಢಿ. ವೈದ್ಯರೂ ಹೇಳುತ್ತಿದ್ದರು, ಪಕ್ಕದ ಮನೆಯವರು ಈಗಲೂ ಹೇಳುತ್ತಾರೆ. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನ ಈ ಮಾತನ್ನು ಪರೀಕ್ಷೆಗೆ ಒಡ್ಡಿತು. ಬಹುಕಾಲದ ಬೆನ್ನುನೋವಿದ್ದ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯದು ಕೊಡಲಾಯಿತು. 90 ದಿನಗಳ ನಂತರ ಮಧ್ಯಮ ಹಾಸಿಗೆಯವರಿಗೇ ನೋವು ಹೆಚ್ಚು ಇಳಿದಿತ್ತು. ಹಾಗೆಂದು ಚಾಪೆಯ ಮೇಲೆ ಸುಖವಾಗಿ ಮಲಗುವವರು ನಾಳೆಯೇ ಹಾಸಿಗೆ ಅಂಗಡಿಗೆ ಓಡಬೇಕಿಲ್ಲ. ನೋವಿದ್ದೂ ಹಟಕ್ಕೆ ಬಿದ್ದು ಹಲಗೆ ಹಿಡಿದವರು ಮಾತ್ರ ಯೋಚಿಸಬಹುದು.

ನಡುರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುವುದು ಐವತ್ತು ದಾಟಿದವರ ಸಾಮಾನ್ಯ ದೂರು. ನೆದರ್‌ಲೆಂಡ್ಸ್‌ನ ಫಿಸಿಯೋಥೆರಪಿಸ್ಟರು 55 ವರ್ಷ ಮೀರಿದ 80 ಜನರಲ್ಲಿ ಅರ್ಧದಷ್ಟು ಮಂದಿಗೆ ಮಲಗುವ ಮುನ್ನ ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟರು. 2012ರ ಅವರ ವರದಿಯಂತೆ ಆರು ವಾರಗಳಲ್ಲಿ ಸೆಳೆತ ಬರುವುದೂ, ಬಂದಾಗಿನ ನೋವೂ ಕಡಿಮೆಯಾದವು. ಗೋಡೆಗೆ ಎರಡು ಕೈ ಊರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗುವುದು ಇದರ ಮುಖ್ಯ ಭಾಗ. ಖರ್ಚಿಲ್ಲದ ಮದ್ದು.

ಇದರ ಜೊತೆ ಗೊಂದಲವಾಗುವ ಇನ್ನೊಂದು ತೊಂದರೆಯಿದೆ. ನೋವಲ್ಲ, ಸೆಳೆತವಲ್ಲ, ಕಾಲೊಳಗೆ ಏನೋ ಹರಿದಾಡಿದಂತಾಗಿ ಕಾಲು ಆಡಿಸದೆ ಇರಲಾಗುವುದಿಲ್ಲ. ಮಲಗಿದರೆ ಹೆಚ್ಚು, ಎದ್ದು ನಡೆದರೆ ಕಡಿಮೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 17ನೆಯ ಶತಮಾನದಲ್ಲೇ ಇದನ್ನು ವರ್ಣಿಸಿದ್ದರೂ, 1945ರಲ್ಲಿ ಸ್ವೀಡನ್ನಿನ ಎಕ್‌ಬೊಮ್ ವಿವರವಾಗಿ ಬರೆದ ಮೇಲೆ ಅದು ರೋಗವೆಂದು ನೆಲೆಗೊಂಡಿತು. ವ್ಯಾಯಾಮ, ತಿಕ್ಕುವುದು ಸ್ವಲ್ಪ ಆರಾಮ ಕೊಡುತ್ತವೆ. ಆದರೆ ದೇಹದಲ್ಲಿ ಕಬ್ಬಿಣದ ಕೊರತೆ ಇದಕ್ಕೆ ಒಂದು ಮುಖ್ಯ ಕಾರಣ, ಗರ್ಭಿಣಿಯರಲ್ಲಿ ಹೆಚ್ಚು. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮ ದೇಶದಲ್ಲಿ ‘ಕಾಲು ಜುಮುಗುಡುತ್ತದೆ’ ಎನ್ನುವ ಹೆಂಗಸನ್ನು ಮೊದಲು ಕಳಿಸಬೇಕಾದದ್ದು ರಕ್ತ ಪರೀಕ್ಷೆಗೆ.

ಶಂಖ ಊದಿದರೆ ಗೊರಕೆ ನಿಂತೀತೆ?

ಗೊರಕೆಯವರನ್ನು ನಾವು ಸುಖನಿದ್ರೆಯವರೆಂದು ತಮಾಷೆ ಮಾಡುತ್ತೇವೆ. ಅವರಲ್ಲಿ ಕೆಲವರಿಗೆ ಗಂಟಲ ಹಿಂಭಾಗದ ಸ್ನಾಯು ಕುಸಿದು, ರಾತ್ರಿಯಿಡೀ ಉಸಿರು ನಿಂತು ನಿಂತು ಬರುತ್ತಿರುತ್ತದೆ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವಾನ್ ಮುಖವಾಡದ ಮೂಲಕ ಗಾಳಿ ಒತ್ತುವ ಯಂತ್ರದ ಫಲವನ್ನು ಪ್ರಕಟಿಸಿದರು. ತೀವ್ರ ತೊಂದರೆಗೆ ಇವತ್ತಿಗೂ ಮುಖ್ಯ ಚಿಕಿತ್ಸೆ ಅದೇ. ಗಂಟಲೂ ಸ್ನಾಯುವೇ ತಾನೆ, ಅದಕ್ಕೂ ವ್ಯಾಯಾಮ ಕೊಟ್ಟರೆ ಹೇಗೆ ಎಂದು ಯೋಚಿಸಿದವರೂ ಇದ್ದಾರೆ. ಆಸ್ಟ್ರೇಲಿಯದ ಮೂಲನಿವಾಸಿಗಳು ಗೆದ್ದಲು ತಿಂದು ಟೊಳ್ಳಾದ ಮರದಿಂದ ಮಾಡುವ ಡಿಜೆರಿಡೂ ಎಂಬ ಉದ್ದನೆಯ ವಾದ್ಯವನ್ನು ಸ್ವಿಟ್ಜರ್‌ಲೆಂಡಿನಲ್ಲಿ 25 ರೋಗಿಗಳ ಅಧ್ಯಯನವೊಂದಕ್ಕೆ ಬಳಸಲಾಯಿತು. ನಾಲ್ಕು ತಿಂಗಳು ಊದಿದವರಿಗೆ ಹಗಲಿನ ತೂಕಡಿಕೆ ಕಡಿಮೆಯಾದದ್ದನ್ನು 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿತು. 2017ರಲ್ಲಿ ಇದಕ್ಕೆ ‘ಇಗ್ ನೊಬೆಲ್’ ಎಂಬ ನಗೆ ಪ್ರಶಸ್ತಿ ಬಂತು, ಅದೂ ಶಾಂತಿಗಾಗಿ! ಪಕ್ಕದಲ್ಲಿ ಮಲಗುವವರನ್ನು ಕೇಳಿದರೆ ಇದು ನಗೆಯಲ್ಲ, ನ್ಯಾಯ ಎಂದಾರು.

2025ರಲ್ಲಿ ಜೈಪುರದ ವೈದ್ಯರು ಇದೇ ಪ್ರಯೋಗವನ್ನು ಶಂಖದಿಂದ ಮಾಡಿ ಅಂಥದೇ ಫಲ ಕಂಡರು. ರೋಗಿಗಳು ಮೂವತ್ತೇ ಮಂದಿ, ಆದ್ದರಿಂದ ತೀರ್ಮಾನಕ್ಕೆ ಇನ್ನೂ ಕಾಯಬೇಕು. ನಮ್ಮೂರುಗಳಲ್ಲಿ ಶಂಖ ಜಾಗಟೆ ಹಿಡಿದು ಬರುವ ದಾಸಯ್ಯಗಳು ಗೊರಕೆ ಹೊಡೆಯುತ್ತಾರೆಯೇ ಎಂದು ಯಾರಾದರೂ ವಿಚಾರಿಸಬಹುದಿತ್ತು.

ಮಾತ್ರೆ, ಬಿಸಿನೀರು, ಆರು ತಿಂಗಳು

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. 1960ರ ದಶಕದ ಆರಂಭದಲ್ಲಿ ಲಿಬ್ರಿಯಂ, ವ್ಯಾಲಿಯಂ ಬಂದ ಮೇಲೆ ನಿದ್ದೆ ಎಂದರೆ ಮಾತ್ರೆ ಎಂಬಂತಾಯಿತು. ಈ ಜಾತಿಯ ಮಾತ್ರೆಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ವೃದ್ಧರು ಇವನ್ನು ನುಂಗಿ ರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತು. ಆಮೇಲೆ ಅವರು ಹೇಗೂ ಫಿಸಿಯೋಥೆರಪಿಸ್ಟರ ಬಳಿಗೇ ಬರುತ್ತಾರೆ. ಮುರಿಯುವ ಮೊದಲು ಬಂದಿದ್ದರೆ ಒಳ್ಳೆಯದಿತ್ತು. ಆದರೆ ಬಹುದಿನದಿಂದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ಒಮ್ಮೆಗೇ ನಿಲ್ಲಿಸಬಾರದು. ಅದೂ ಅಪಾಯವೇ, ವೈದ್ಯರ ಸಲಹೆಯಂತೆ ಮೆಲ್ಲಗೆ ಇಳಿಸಬೇಕು.

ಅಮೆರಿಕದ ವೈದ್ಯರ ಮಹಾಸಂಸ್ಥೆಯೊಂದು 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮಲಗುವ ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ತರಬೇತಿ ಎಂದು ಹೇಳಿತು. ಜೇಕಬ್‌ಸನ್ನರ ಸಡಿಲಿಕೆಗೆ ಆ ತರಬೇತಿಯಲ್ಲಿ ಜಾಗವಿದೆ. ಅಂದರೆ ಮೈಯ ಉಪಚಾರವೊಂದೇ ಎಲ್ಲರಿಗೂ ಸಾಲದು. ಖಿನ್ನತೆಯಿಂದ ನಿದ್ದೆ ಕಳೆದುಕೊಂಡವರಿಗೆ ಮನೋವೈದ್ಯರೇ ಬೇಕು.

ಹಂಡೆಯ ಬಿಸಿನೀರಿಗೂ ಈಗ ಲೆಕ್ಕ ಸಿಕ್ಕಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸ್ನಾನ ಮಾಡಿದರೆ ನಿದ್ದೆ ಸರಾಸರಿ ಹತ್ತು ನಿಮಿಷ ಬೇಗ ಹತ್ತುತ್ತದೆ. ಬಿಸಿನೀರು ಕೈಕಾಲಿನ ರಕ್ತನಾಳಗಳನ್ನು ಅಗಲಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ, ಒಡಲು ತಣಿಯುತ್ತದೆ, ತಣಿದ ಒಡಲಿಗೆ ನಿದ್ದೆ ಹತ್ತುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಮಾತ್ರ ನೀರಿನ ಬಿಸಿಯನ್ನು ಬೇರೆಯವರಿಂದ ನೋಡಿಸಬೇಕು.

ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕನೆ ತಿರುಗಿಸಿ ಲಟಿಕೆ ತೆಗೆಸಿಕೊಳ್ಳುವ ಚಟವಿರುವವರಿಗೂ ಒಂದು ಮಾತು. ಕತ್ತಿನ ಮೂಳೆಗಳ ಒಳಗೇ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಹಠಾತ್ ತಿರುಚಿದರೆ ಅವು ಹರಿಯಬಹುದು. ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ, ಕತ್ತನ್ನು ಕೊಡಬೇಡಿ. ಫಿಸಿಯೋಥೆರಪಿ ಹೆಸರಿನ ಬೋರ್ಡು ಕಂಡಲ್ಲೆಲ್ಲ ನುಗ್ಗುವುದೂ ಬೇಡ. ಇಂಥ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗಾಗಿ ಸಂಸತ್ತು 2021ರಲ್ಲಿ ಕಾಯಿದೆ ಮಾಡಿದೆ. ಪದವಿ ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ. ವೃದ್ಧರ ಆರೋಗ್ಯಕ್ಕಾಗಿ 2010ರಲ್ಲಿ ಕೇಂದ್ರ ಆರಂಭಿಸಿದ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಗೂ ಅವಕಾಶವಿದೆ. ಮಂಡಿ ನೋವೆಂದು ಅಲ್ಲಿಗೆ ಹೋಗುವ ಅಜ್ಜಿ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಯಾವ ಮಗ್ಗುಲಿಗೆ ಮಲಗುತ್ತೇನೆ ಎಂಬುದನ್ನೂ ಹೇಳಬೇಕು. ಕೇಳದಿದ್ದರೂ ಹೇಳಬೇಕು.

ಫಲ ಎಷ್ಟು ದಿನಕ್ಕೆ ಸಿಗುತ್ತದೆ ಎಂಬ ಪ್ರಶ್ನೆಗೆ ಬೆಂಗಳೂರಿನವರೇ ಮಾಡಿದ ಅಧ್ಯಯನವೊಂದಿದೆ. ಸ್ವಾಮಿ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದ ಮಂಜುನಾಥ್ ಮತ್ತು ಶರ್ಲಿ ಟೆಲ್ಲಿಸ್ ಒಂದು ವೃದ್ಧಾಶ್ರಮದ 69 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಆಸನ, ಸಡಿಲಿಕೆ, ಪ್ರಾಣಾಯಾಮ ಸೇರಿದ ಯೋಗ, ಒಂದಕ್ಕೆ ಆಯುರ್ವೇದದ ಔಷಧ, ಮೂರನೆಯದಕ್ಕೆ ಏನೂ ಇಲ್ಲ. 2005ರಲ್ಲಿ ಪ್ರಕಟವಾದ ವರದಿಯಂತೆ ಯೋಗದ ಗುಂಪಿನವರಿಗೆ ನಿದ್ದೆ ಹತ್ತುವುದು ಸುಮಾರು 10 ನಿಮಿಷ ಬೇಗವಾಯಿತು, ಒಟ್ಟು ನಿದ್ದೆ ಸುಮಾರು ಒಂದು ಗಂಟೆ ಹೆಚ್ಚಿತು, ಬೆಳಗ್ಗೆ ಏಳುವಾಗ ಮೈ ಹಗುರವೆನಿಸಿತು. ಅಲ್ಲಿ ಯಾರೂ ಯಾರ ಕಾಲನ್ನೂ ಒತ್ತಲಿಲ್ಲ. ಆದರೆ ಅದು ಆರು ತಿಂಗಳ ಅಭ್ಯಾಸದ ನಂತರದ ಲೆಕ್ಕ.